ಸಭೆ ಕಳೆದುಕೊಂಡ ಮತದಾರ: ಹೈದರಾಬಾದಿನ ಬಜೆಟ್ಟು ಮತ್ತು ಅಲ್ಲಿನ ನಿವಾಸಿಗಳು

ಹೈದರಾಬಾದ್ ಮಹಾನಗರ ಪಾಲಿಕೆ ಪ್ರತಿವರ್ಷ ಬಜೆಟ್ ಮಂಡಿಸುವುದು 1955ರಲ್ಲಿ ಬರೆದ ಕಾಯ್ದೆಯ ಪ್ರಕಾರ. ಹೆಸರು ಬದಲಾಗಿದೆ, ತಿದ್ದುಪಡಿಗಳು ಬಂದಿವೆ, ಬುನಾದಿ ಮಾತ್ರ ಅದೇ. ಆ ಕಾಯ್ದೆ ಸಿದ್ಧವಾದಾಗ ಬೀದರ್, ಕಲಬುರಗಿ, ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. 1956ರ ನವೆಂಬರ್ 1ರಂದು ರಾಜ್ಯ ಹಂಚಿಹೋಯಿತು. ಗಡಿ ಬಂತು, ಜನರ ಓಡಾಟ ನಿಲ್ಲಲಿಲ್ಲ. ಔರಾದ್, ಭಾಲ್ಕಿ, ಚಿಂಚೋಳಿ, ಸೇಡಂ, ಯಾದಗಿರಿ ಕಡೆಯವರು ಓದಿಗೆ, ಆಸ್ಪತ್ರೆಗೆ, ಗಾರೆ ಕೆಲಸಕ್ಕೆ, ವ್ಯಾಪಾರಕ್ಕೆ ಇಂದಿಗೂ ಹೈದರಾಬಾದಿನ ಬಸ್ಸು ಹತ್ತುತ್ತಾರೆ. ಎಷ್ಟೋ ಮನೆತನಗಳು ಅಲ್ಲೇ ನೆಲೆಯೂರಿವೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಆ ನೆಲೆಯ ಗುರುತುಗಳು.

ಊರು ಬಿಟ್ಟು ನಗರ ಸೇರಿದ ಕುಟುಂಬ ಪಡೆದದ್ದು, ಕಳೆದುಕೊಂಡದ್ದು ಏನೆಂಬ ಬಗ್ಗೆ ಬೇಕಾದಷ್ಟು ಬರವಣಿಗೆ ಬಂದಿದೆ. ಅದು ಕಳೆದುಕೊಳ್ಳುವ ಒಂದು ಹಕ್ಕಿನ ಮಾತು ಮಾತ್ರ ಅಷ್ಟಾಗಿ ಕೇಳಿಬಂದಿಲ್ಲ. ಊರಿನಲ್ಲಿದ್ದಷ್ಟು ದಿನ ಆ ಮನೆಯ ವಯಸ್ಕರೆಲ್ಲ ಗ್ರಾಮಸಭೆಯ ಸದಸ್ಯರು. ಅವರನ್ನು ಯಾರೂ ನೇಮಿಸಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು ಎಂದು ಸಂವಿಧಾನವೇ ಹೇಳುತ್ತದೆ. ಪಂಚಾಯಿತಿಗೆ ಎಷ್ಟು ಹಣ ಬಂತು, ಎಲ್ಲಿ ಖರ್ಚಾಯಿತು, ಮುಂದಿನ ವರ್ಷ ಯಾವ ಓಣಿಗೆ ಚರಂಡಿ ಎಂದು ಎದ್ದುನಿಂತು ಕೇಳುವ ಅಧಿಕಾರ ಅವರಿಗಿದೆ. ಅದೇ ಕುಟುಂಬ ಹೈದರಾಬಾದಿಗೆ ಬಂದು, ಅಲ್ಲಿಯ ಮತದಾರರ ಪಟ್ಟಿಗೆ ಹೆಸರು ಸೇರಿಸಿ, ಮನೆ ತೆರಿಗೆ ಕಟ್ಟತೊಡಗಿದ ಮೇಲೆ ಅದು ಯಾವ ಸಭೆಗೂ ಸೇರಿಲ್ಲ. ಐದು ವರ್ಷಕ್ಕೊಮ್ಮೆ ಕಾರ್ಪೊರೇಟರನ್ನು ಆರಿಸಬಹುದು. ನಡುವಿನ ವರ್ಷಗಳಲ್ಲಿ ಅರ್ಜಿ ಕೊಡಬಹುದು.

ಈ ವ್ಯತ್ಯಾಸ ಆಕಸ್ಮಿಕವಲ್ಲ. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1992ರ ಡಿಸೆಂಬರಿನಲ್ಲಿ ಒಟ್ಟೊಟ್ಟಿಗೇ ಸಂಸತ್ತಿನ ಒಪ್ಪಿಗೆ ಪಡೆದವು. ಹಳ್ಳಿಗಳ ತಿದ್ದುಪಡಿ 1993ರ ಏಪ್ರಿಲ್ 24ರಂದು, ನಗರಗಳದ್ದು ಅದೇ ವರ್ಷದ ಜೂನ್ 1ರಂದು ಜಾರಿಗೆ ಬಂತು. ಹಳ್ಳಿಗೆ ಗ್ರಾಮಸಭೆ ಸಿಕ್ಕಿತು, ಊರಿನ ಮತದಾರರೆಲ್ಲ ಅದರ ಸದಸ್ಯರಾದರು. ನಗರಕ್ಕೆ ಸಿಕ್ಕಿದ್ದು ವಾರ್ಡ್ ಸಮಿತಿ. ಅದೂ 3 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಗೆ ಮಾತ್ರ. ಅದರಲ್ಲಿ ಯಾರಿರಬೇಕು, ಅವರನ್ನು ಯಾರು ಆರಿಸಬೇಕು ಎಂಬುದನ್ನು ರಾಜ್ಯ ಶಾಸನಸಭೆಗಳ ವಿವೇಚನೆಗೆ ಬಿಡಲಾಯಿತು. ಮೂವತ್ತು ವರ್ಷಗಳ ನಗರಾಡಳಿತದ ಕೊರತೆಯನ್ನು ಬಿಡಿಸುತ್ತ ಹೋದರೆ ಅದರ ಒಂದು ಎಳೆ ಬಂದು ನಿಲ್ಲುವುದು ಈ ವಿವೇಚನೆಯ ಬಳಿ.

ಗ್ರಾಮಸಭೆಯಿಂದ ಏನು ಮಹಾ ಸಾಧನೆಯಾಗಿದೆ ಎಂದು ಕೇಳುವವರಿದ್ದಾರೆ. ಕೋರಂ ಇಲ್ಲದ ಸಭೆ, ಮೊದಲೇ ಬರೆದಿಟ್ಟ ನಡಾವಳಿ, ಮನೆಮನೆಗೆ ಹೋಗಿ ಹಾಕಿಸಿದ ಸಹಿ, ಇವೆಲ್ಲ ಇರುವುದು ನಿಜ. ಆದರೂ ಈ ಪ್ರಶ್ನೆಗೆ ಬೀದರಿನ ಹಳ್ಳಿಗಳಿಂದಲೇ ಒಂದು ಉತ್ತರ ಬಂದಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ಮತ್ತು ಅವರ ಸಂಗಡಿಗರು ದಕ್ಷಿಣದ ನಾಲ್ಕು ರಾಜ್ಯಗಳ ಐನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದರು. ಹಳ್ಳಿಗಳ ಆಯ್ಕೆಯಲ್ಲಿ ಒಂದು ಜಾಣ್ಮೆಯಿತ್ತು. 1956ಕ್ಕೆ ಮುಂಚೆ ಒಂದೇ ಆಡಳಿತದಲ್ಲಿದ್ದು, ಆಮೇಲೆ ಬೇರೆ ಬೇರೆ ರಾಜ್ಯಗಳಿಗೆ ಸೇರಿದ ಗಡಿ ಜಿಲ್ಲೆಗಳನ್ನು ಅವರು ಜೋಡಿಯಾಗಿ ತೆಗೆದುಕೊಂಡರು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್ ಮತ್ತು ಮೆದಕ್ ಒಂದು ಜೋಡಿ. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ ಮತ್ತು ಕಾಸರಗೋಡು ಇನ್ನೊಂದು. ಬೆಳೆ, ಜಾತಿ, ಆಡುಮಾತು ಹೆಚ್ಚುಕಡಿಮೆ ಒಂದೇ, ಸರ್ಕಾರ ಬೇರೆ. ಹಾಗಿದ್ದಾಗ ಸಭೆಯಿಂದ ಏನು ಬದಲಾಗುತ್ತದೆ ಎಂದು ಹೋಲಿಸಿ ನೋಡಲು ಸಾಧ್ಯವಾಯಿತು.

ಕಂಡುಬಂದ ಸಂಗತಿ ಸರಳವಾಗಿತ್ತು. ಗ್ರಾಮಸಭೆಗೆ ಹೆಚ್ಚಾಗಿ ಬರುವವರು ಭೂಮಿಯಿಲ್ಲದವರು ಮತ್ತು ಪರಿಶಿಷ್ಟರು. ಸಭೆ ನಡೆದ ಹಳ್ಳಿಗಳಲ್ಲಿ ಬಡತನ ರೇಖೆಯ ಕಾರ್ಡು ನಿಜವಾದ ಬಡವರ ಕೈಗೆ ಸೇರುವ ಸಾಧ್ಯತೆ ಹೆಚ್ಚಿತ್ತು. ಮುಂದೆ ಸುಮಾರು 300 ಗ್ರಾಮಸಭೆಗಳ ಮಾತುಕತೆಯನ್ನು ಅಕ್ಷರಶಃ ಬರೆದಿಟ್ಟುಕೊಂಡು, ಪರೋಮಿತಾ ಸನ್ಯಾಲ್ ಜೊತೆ ರಾವ್ ಅವರು 2019ರಲ್ಲಿ ‘ಓರಲ್ ಡೆಮಾಕ್ರಸಿ’ ಎಂಬ ಪುಸ್ತಕ ತಂದರು. ಕುಡಿಯುವ ನೀರು, ಬೀದಿದೀಪ, ಮನೆ, ಚರಂಡಿ: ಮಾತೆಲ್ಲ ಇವುಗಳ ಸುತ್ತಲೇ. ಆದರೆ ಕೂಲಿಯ ಹೆಣ್ಣುಮಗಳೊಬ್ಬಳು ಊರಿನ ದೊಡ್ಡವರೆದುರು ಎದ್ದುನಿಂತು ಲೆಕ್ಕ ಕೇಳುವ ಜಾಗ ಅದೊಂದೇ. ಈ ಜಾಗದ ಬೆಲೆ ತಿಳಿಯಬೇಕಾದರೆ ಅದು ಇಲ್ಲದ ಕಡೆ ನೋಡಬೇಕು. ಹೈದರಾಬಾದ್ ಅಂಥ ಕಡೆ.

ನಗರದ ಪೌರಾಡಳಿತ ಹಳೆಯದು. ಮೊದಲನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ, 1869ರಲ್ಲಿ, ಹೈದರಾಬಾದನ್ನು ನಾಲ್ಕು ವಿಭಾಗವಾಗಿ, ಚಾದರ್‌ಘಾಟ್ ಉಪನಗರವನ್ನು ಐದು ವಿಭಾಗವಾಗಿ ಮಾಡಿ ಪುರಸಭೆಯ ಕೆಲಸ ಶುರುವಾಯಿತು. 1933ರಲ್ಲಿ ಎರಡೂ ಕೂಡಿ ಕಾರ್ಪೊರೇಷನ್ ಆಯಿತು. ಈ ನಡುವೆ 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ ನಗರವನ್ನು ಕೊಚ್ಚಿಹಾಕಿತು. ಆಗ ಬಂದವರು ಕನ್ನಡಿಗರಿಗೆಲ್ಲ ಬೇಕಾದ ಎಂ. ವಿಶ್ವೇಶ್ವರಯ್ಯ. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ನಗರ ಇಂದಿಗೂ ಅವರ ಋಣದಲ್ಲಿದೆ. ಜಲಾಶಯದ ಗೇಟು ಎಲ್ಲಿರಬೇಕು ಎಂಬುದನ್ನು ಕೈಯೆತ್ತಿಸಿ ತೀರ್ಮಾನಿಸಲಾಗದು, ಅದು ತಜ್ಞರ ಕೆಲಸ. ಆದರೆ ಆ ಕಾಲದಿಂದ ನಗರದ ಆಡಳಿತಕ್ಕೆ ಒಂದು ರೂಢಿಯೂ ಅಂಟಿಕೊಂಡಿತು. ಗಲ್ಲಿಯ ಮೋರಿ ಎತ್ತ ಹರಿಯಬೇಕು, ಅಂಗನವಾಡಿ ಎಲ್ಲಿ ಕಟ್ಟಬೇಕು, ಬೀದಿದೀಪ ಮೊದಲು ಯಾವ ತಿರುವಿಗೆ ಹಾಕಬೇಕು ಎಂಬುದನ್ನೂ ಮೇಲಿನಿಂದಲೇ ಗೊತ್ತುಮಾಡುವ ರೂಢಿ. 2020ರ ಅಕ್ಟೋಬರ್ ಮಳೆಗೆ ನಾಲಾಗಳು ಉಕ್ಕಿ ಬಡಾವಣೆಗಳು ಮುಳುಗಿದಾಗ, ನೀರು ಯಾವ ಗೋಡೆಯ ಬಳಿ ತಿರುಗಿ ಒಳಗೆ ನುಗ್ಗುತ್ತದೆ ಎಂಬುದು ನಾಲಾ ಪಕ್ಕದ ಮನೆಗಳವರಿಗೆ ಎಂದೋ ಗೊತ್ತಿತ್ತು. ಮರುವರ್ಷ ನಾಲಾ ಅಭಿವೃದ್ಧಿಗೆಂದೇ ದೊಡ್ಡ ಕಾರ್ಯಕ್ರಮ ಬಂತು. ಅವರ ತಿಳಿವಳಿಕೆ ಯೋಜನೆಯೊಳಗೆ ಬರಲು ದಾರಿ ಮಾತ್ರ ಇರಲಿಲ್ಲ.

ಚುನಾಯಿತ ಮಂಡಳಿಯಾದರೂ ಸದಾ ಇತ್ತೇ ಎಂದರೆ ಅದೂ ಇಲ್ಲ. ದೀರ್ಘಕಾಲದ ಅಂತರದ ಬಳಿಕ 1986ರಲ್ಲಿ ಪಾಲಿಕೆಗೆ ಚುನಾವಣೆ ನಡೆಯಿತು, ಅದರ ಮುಂದಿನದು ನಡೆದದ್ದು 2002ರಲ್ಲಿ. ಅಂದರೆ 74ನೇ ತಿದ್ದುಪಡಿ ಜಾರಿಗೆ ಬಂದು ಎಂಟು ವರ್ಷ ದಾಟಿದ ಮೇಲೆ. 2007ರಲ್ಲಿ 12 ಪುರಸಭೆ ಮತ್ತು 8 ಗ್ರಾಮ ಪಂಚಾಯಿತಿಗಳನ್ನು ಸೇರಿಸಿಕೊಂಡು ಗ್ರೇಟರ್ ಹೈದರಾಬಾದ್ ಆಯಿತು. ಹೊಸ ಪಾಲಿಕೆಗೆ ಚುನಾವಣೆ 2009ರ ಕೊನೆಗೆ. 2014ರ ಡಿಸೆಂಬರಿನಿಂದ 2016ರ ಫೆಬ್ರುವರಿವರೆಗೆ ಮತ್ತೆ ಮಂಡಳಿಯಿಲ್ಲ. ಸೇರ್ಪಡೆಯಾದ ಆ 8 ಪಂಚಾಯಿತಿಗಳ ಜನರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಊರು ಬಿಡದೆ, ಮನೆ ಬದಲಿಸದೆ, ಕೂತಲ್ಲೇ ಅವರು ಗ್ರಾಮಸಭೆ ಕಳೆದುಕೊಂಡರು.

ಇಷ್ಟೆಲ್ಲ ಇದ್ದರೂ, ನಿವಾಸಿಗಳೇ ಕೂತು ತಮ್ಮ ಬೀದಿಗೆ ಏನು ಬೇಕೆಂದು ನಿರ್ಧರಿಸುವ ಪ್ರಯೋಗವನ್ನು ದೇಶದಲ್ಲಿ ಮೊದಮೊದಲು ಮಾಡಿ ಗೆದ್ದ ನಗರವೂ ಹೈದರಾಬಾದೇ. ಈ ಕಥೆ ಈಗ ನಗರದಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ.

1966ರಲ್ಲಿ ಕೇಂದ್ರ ಸರ್ಕಾರ ನಗರ ಸಮುದಾಯ ಅಭಿವೃದ್ಧಿ ಎಂಬ ಯೋಜನೆಯನ್ನು ಆಯ್ದ ಪಟ್ಟಣಗಳಲ್ಲಿ ಆರಂಭಿಸಿತು. ಹೈದರಾಬಾದಿಗೆ ಅದು ಬಂದದ್ದು 1967ರಲ್ಲಿ, ಹಳೆ ನಗರದ ಒಂದು ಭಾಗಕ್ಕೆ. ಎರಡು ಮೂರು ವರ್ಷದಲ್ಲೇ ಕೇಂದ್ರ ಕೈಬಿಟ್ಟು ಹೊಣೆಯನ್ನು ರಾಜ್ಯಗಳಿಗೆ ವರ್ಗಾಯಿಸಿತು. ಬೇರೆ ಕಡೆ ಬಹುಪಾಲು ಯೋಜನೆಗಳು ಮುಚ್ಚಿಹೋದವು. ಹೈದರಾಬಾದಿನದ್ದು ಉಳಿಯಿತು, ಬೆಳೆಯಿತು. ಎಪ್ಪತ್ತರ ದಶಕದಲ್ಲಿ ಯುನಿಸೆಫ್ ಕೈಜೋಡಿಸಿತು. ವಿಲಿಯಂ ಕಸಿನ್ಸ್ ಮತ್ತು ಕ್ಯಾಥರಿನ್ ಗಾಯ್ಡರ್ 1979ರಲ್ಲಿ ಈ ಅನುಭವವನ್ನು ಪುಸ್ತಕವಾಗಿಯೇ ಬರೆದರು.

ಅದರ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಯೋಜನೆಯ ಸಿಬ್ಬಂದಿ ಬಸ್ತಿಗೆ, ಅಂದರೆ ಬಡವರ ಕೇರಿಗೆ, ಬರುವಾಗ ಕೈಯಲ್ಲಿ ನಕ್ಷೆ ತರುತ್ತಿರಲಿಲ್ಲ. ಸಮುದಾಯ ಸಂಘಟಕರೆಂಬ ತರುಣ ತರುಣಿಯರು ಮೊದಲು ಮನೆಮನೆ ಸುತ್ತಿ ಪರಿಚಯ ಮಾಡಿಕೊಳ್ಳುತ್ತಿದ್ದರು. ಬಸ್ತಿಯಲ್ಲಿ ಒಂದು ವಿಕಾಸ ಮಂಡಳಿ ಹುಟ್ಟಬೇಕು, ಅದು ಕೂತು ತಮಗೆ ಮೊದಲು ಬೇಕಾದ್ದೇನೆಂದು ಹೇಳಬೇಕು, ಆಮೇಲೆ ಪಾಲಿಕೆ ಹಣ ಕೊಡಬೇಕು, ಬಸ್ತಿಯವರೂ ದುಡ್ಡೋ ದುಡಿಮೆಯೋ ತಮ್ಮ ಪಾಲು ಹಾಕಬೇಕು. ಒಂದು ಬಸ್ತಿ ಬಾಲವಾಡಿ ಕೇಳಿತು, ಇನ್ನೊಂದು ಹೊಲಿಗೆ ತರಗತಿ, ಮತ್ತೊಂದು ನಲ್ಲಿ, ಮಗದೊಂದು ಗಲ್ಲಿಗೆ ಕಲ್ಲುಹಾಸು. ಅಧಿಕಾರಿಗಳ ದೃಷ್ಟಿಯಲ್ಲಿ ನೀರು ದೊಡ್ಡದು, ಹೊಲಿಗೆ ಸಣ್ಣದು. ಆದರೆ ಪರದೆಯೊಳಗಿದ್ದ ಹೆಂಗಸರು ಮೊದಲು ಮನೆಯಿಂದ ಹೊರಬಂದು ಒಂದೆಡೆ ಕೂಡಿದ್ದು ಇಂಥ ತರಗತಿಗಳಲ್ಲಿ. ಒಂದು ಸಣ್ಣ ಕೆಲಸ ಜನರ ಮಾತಿನಂತೆ ನಡೆದರೆ ಮುಂದಿನ ಸಭೆಗೆ ಇನ್ನಷ್ಟು ಜನ ಬರುತ್ತಾರೆ ಎಂಬುದು ಯೋಜನೆಯವರ ಅನುಭವಕ್ಕೆ ಬಂತು. ಬ್ಯಾಂಕುಗಳ ರಾಷ್ಟ್ರೀಕರಣದ ಬಳಿಕ ಇದೇ ಮಂಡಳಿಗಳ ಮೂಲಕ ರಿಕ್ಷಾ ತುಳಿಯುವವರಿಗೆ, ಸಣ್ಣ ವ್ಯಾಪಾರಿಗಳಿಗೆ ಸಾಲ ಸಿಕ್ಕಿತು. ಜಾಗದ ಪಟ್ಟಾ ಸಿಕ್ಕ ಬಸ್ತಿಗಳಲ್ಲಿ ಜನ ಸಾಲ ಪಡೆದು, ತಾವೇ ಮೇಲುಸ್ತುವಾರಿ ಮಾಡಿ ಸಾವಿರಾರು ಮನೆ ಕಟ್ಟಿಕೊಂಡರು.

ಗಮನಿಸಬೇಕಾದ ಸಂಗತಿಯೆಂದರೆ, ಇದರಲ್ಲಿ ಬಹಳಷ್ಟು ನಡೆದದ್ದು ಪಾಲಿಕೆಗೆ ಚುನಾಯಿತ ಮಂಡಳಿಯೇ ಇರದಿದ್ದ ವರ್ಷಗಳಲ್ಲಿ. ಬಡವರಿಗೆ ಬಜೆಟ್ಟಿನ ವಿಚಾರ ತಿಳಿಯದು, ಓದುಬರಹ ಬಾರದವರು ಆದ್ಯತೆ ಗೊತ್ತುಮಾಡಲಾರರು ಎಂಬ ಮಾತಿಗೆ ಹೈದರಾಬಾದಿನ ಬಸ್ತಿಗಳು ಐವತ್ತು ವರ್ಷದ ಹಿಂದೆಯೇ ಉತ್ತರ ಕೊಟ್ಟಿವೆ. ಎಂಬತ್ತು, ತೊಂಬತ್ತರ ದಶಕಗಳ ರಾಷ್ಟ್ರೀಯ ನಗರ ಮೂಲಸೇವಾ ಯೋಜನೆಗಳಿಗೆ ಈ ಅನುಭವವೇ ಒಂದು ಮಾದರಿಯಾಯಿತು.

ಎಂಬತ್ತರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ನೆರವಿನಿಂದ ಕೊಳೆಗೇರಿ ಸುಧಾರಣೆಗೆ ದೊಡ್ಡ ಮೊತ್ತ ಬಂತು. ರಸ್ತೆ, ನೀರು, ಚರಂಡಿ ಬಂದವು. ಅದು ಕಡಿಮೆ ಲಾಭವೇನಲ್ಲ. ಆದರೆ ಹಣ ದೊಡ್ಡದಾದಂತೆ ಗುರಿ, ಗಡುವು, ಟೆಂಡರುಗಳ ಲೆಕ್ಕ ಮುಂದಾಯಿತು. ಎಂಜಿನಿಯರರ ಅಂದಾಜು ಪಟ್ಟಿ ಮೊದಲು, ಬಸ್ತಿಯ ಸಭೆ ಆಮೇಲೆ ಎಂಬಂತಾಯಿತು. ಭಾರತದ ಹಲವು ನಗರಗಳಲ್ಲಿ ಇದೇ ನೆರವಿನಿಂದ ನಡೆದ ಇಂಥ ಯೋಜನೆಗಳನ್ನು ಮುಂದೆ ಪರಿಶೀಲಿಸಿದವರು, ಕಾಮಗಾರಿ ಗಟ್ಟಿಯಾಯಿತು, ಜನರ ಪಾಲುಗಾರಿಕೆ ತೆಳುವಾಯಿತು ಎಂದೇ ಬರೆದರು. ಪಾಲಿಕೆಯಲ್ಲಿ ಸಮುದಾಯ ಅಭಿವೃದ್ಧಿ ವಿಭಾಗ ಇಂದಿಗೂ ಇದೆ. ಅದರ ಮುಖ್ಯ ಕೆಲಸವೀಗ ಮಹಿಳಾ ಸ್ವಸಹಾಯ ಗುಂಪುಗಳು ಮತ್ತು ಸಾಲ ಜೋಡಣೆ. ಅದು ಬೇಕಾದ ಕೆಲಸವೇ. ಗಲ್ಲಿಯ ಹಣ ನಿರ್ಧರಿಸುವ ಸಭೆ ಮಾತ್ರ ಅಲ್ಲಿಲ್ಲ.

ಆಮೇಲೆ ಕಾಯ್ದೆಗಳು ಬಂದವು. 2005ರ ಡಿಸೆಂಬರಿನಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಹಣ ಬೇಕಾದರೆ ಪ್ರತಿ ರಾಜ್ಯವೂ ಸಮುದಾಯ ಭಾಗವಹಿಸುವಿಕೆಯ ಕಾನೂನು ಮಾಡಬೇಕೆಂಬ ಷರತ್ತಿತ್ತು. ಆಂಧ್ರಪ್ರದೇಶ 2008ರಲ್ಲಿ ತನ್ನ ಪೌರಾಡಳಿತ ಕಾಯ್ದೆಗಳನ್ನು ತಿದ್ದಿ ವಾರ್ಡ್ ಸಮಿತಿ, ಪ್ರದೇಶ ಸಭೆಗಳಿಗೆ ಜಾಗ ಮಾಡಿತು. ತೆಲಂಗಾಣ ಬಂದ ಮೇಲೆ, 2020ರ ಅಕ್ಟೋಬರ್ ತಿದ್ದುಪಡಿ ಪ್ರತಿ ವಾರ್ಡಿಗೆ ನಾಲ್ಕು ಸಮಿತಿ ಎಂದಿತು: ಯುವಜನರದ್ದು, ಮಹಿಳೆಯರದ್ದು, ಹಿರಿಯ ನಾಗರಿಕರದ್ದು, ಗಣ್ಯರದ್ದು. ಒಂದೊಂದರಲ್ಲಿ 25 ಜನ. ಪಾಲಿಕೆಯ ಆಗಿನ 150 ವಾರ್ಡಿಗೆ ಲೆಕ್ಕ ಹಾಕಿದರೆ 15,000 ನಾಗರಿಕರು. ಸಂಖ್ಯೆ ಸಣ್ಣದಲ್ಲ. ಆದರೆ ಇವರು ನಾಮನಿರ್ದೇಶಿತರು. ಇವರಿಗೆ ಇಷ್ಟು ಹಣ ಎಂದು ಎಲ್ಲಿಯೂ ಬರೆದಿಲ್ಲ. ಬಜೆಟ್ ತಯಾರಿಯ ಯಾವ ಹಂತದಲ್ಲಿ ಇವರ ಮಾತು ಕೇಳಬೇಕೆಂಬ ಕಟ್ಟುಪಾಡೂ ಇಲ್ಲ. 2023ರ ಜೂನ್‌ನಲ್ಲಿ ಪ್ರತಿ ವಾರ್ಡಿಗೊಂದು ಕಚೇರಿ ತೆರೆದು, ಎಂಜಿನಿಯರಿಂಗ್, ನೈರ್ಮಲ್ಯ, ವಿದ್ಯುತ್, ನೀರಿನ ಸಿಬ್ಬಂದಿಯನ್ನು ಒಂದೇ ಸೂರಿನಡಿ ತರುವ ಏರ್ಪಾಡಾಯಿತು. ಅದು ಒಳ್ಳೆಯ ಹೆಜ್ಜೆ. ಸೋಮವಾರದ ‘ಪ್ರಜಾವಾಣಿ’ ಎಂಬ ಅಹವಾಲು ಸಭೆಯಲ್ಲಿ ಅರ್ಜಿ ಕೊಡುವ ಸಾಲು ಉದ್ದವಿರುತ್ತದೆ. ಅಲ್ಲಿ ಕೂರುವ ಅಧಿಕಾರಿಗಳು ಎಷ್ಟೋ ಸಲ ತಕ್ಷಣ ಕ್ರಮ ಕೈಗೊಳ್ಳುತ್ತಾರೆ. ಆದರೂ ಅರ್ಜಿದಾರ ತನ್ನ ಮೋರಿಯ ಮಾತಾಡಬಲ್ಲನೇ ಹೊರತು, ತನ್ನ ಮೋರಿ ಮೊದಲೋ ಪಕ್ಕದ ಬಸ್ತಿಯ ನಲ್ಲಿ ಮೊದಲೋ ಎಂದು ಪಕ್ಕದವರೊಂದಿಗೆ ಕೂತು ತೂಗಿ ನೋಡುವ ಅವಕಾಶ ಅಲ್ಲಿಲ್ಲ. ಬಜೆಟ್ಟಿನಲ್ಲಿ ಪಾಲ್ಗೊಳ್ಳುವುದೆಂದರೆ ಹೀಗೆ ತೂಗುವುದೇ.

ಹಣದ ಲೆಕ್ಕಕ್ಕೆ ಬರೋಣ. 2025–26ಕ್ಕೆ ಗ್ರೇಟರ್ ಹೈದರಾಬಾದ್ ಪಾಲಿಕೆಯ ಬಜೆಟ್ 8,440 ಕೋಟಿ ರೂಪಾಯಿ. ಅದರಲ್ಲಿ ಸಂಬಳ, ಪಿಂಚಣಿ, ಸಾಲದ ಕಂತು, ಕಸ ವಿಲೇವಾರಿ, ಮೇಲ್ಸೇತುವೆ ಎಲ್ಲ ಸೇರಿದೆ. ಅದನ್ನೆಲ್ಲ ವಾರ್ಡಿನ ಸಭೆಗೆ ಒಪ್ಪಿಸಿ ಎಂದು ಯಾರೂ ಕೇಳುತ್ತಿಲ್ಲ. ಅದರ ನೂರರಲ್ಲಿ ಒಂದು ಪಾಲು ತೆಗೆದಿಟ್ಟರೂ 84 ಕೋಟಿ, ಬಜೆಟ್ ಮಾಡಿದಾಗ ಇದ್ದ 150 ವಾರ್ಡಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 56 ಲಕ್ಷ. ಸಣ್ಣ ಗಲ್ಲಿಗಳ ಸಿಸಿ ರಸ್ತೆ, ಒಂದು ಅಂಗನವಾಡಿ ಕೋಣೆ, ಕೆಲವು ತಿರುವುಗಳ ದೀಪ, ಪಾರ್ಕಿನ ಬೇಲಿ ಇಷ್ಟರಲ್ಲಿ ಆಗುತ್ತವೆ. ಕಾನೂನಿನ ಮೂಲಕ ಹೀಗೆ ಹಣ ಎತ್ತಿಡುವುದು ಹೊಸದೂ ಅಲ್ಲ. 2020ರ ಅದೇ ತಿದ್ದುಪಡಿ ಬಜೆಟ್ಟಿನ ಹತ್ತನೇ ಒಂದು ಪಾಲನ್ನು ಹಸಿರಿಗೆಂದು ಕಡ್ಡಾಯವಾಗಿ ಮೀಸಲಿಟ್ಟಿದೆ. ಗಿಡಮರಗಳಿಗೆ ಹತ್ತನೇ ಒಂದು ಪಾಲು ಕಾನೂನಿನಲ್ಲಿ ಬರೆಯಲು ಸಾಧ್ಯವಾದರೆ, ನಿವಾಸಿಗಳ ನಿರ್ಧಾರಕ್ಕೆ ನೂರನೇ ಒಂದು ಪಾಲು ಬರೆಯಲು ಅಡ್ಡಿಯೇನು ಎಂದು ಕೇಳುವುದು ನ್ಯಾಯವಾಗಿದೆ.

ಹಣದಷ್ಟೇ ಮುಖ್ಯವಾದದ್ದು ತಾರೀಖು. ಕಾಯ್ದೆಯ ಪ್ರಕಾರ ಆಯುಕ್ತರು ಮುಂದಿನ ವರ್ಷದ ಕರಡನ್ನು ನವೆಂಬರಿನಲ್ಲೇ ಸ್ಥಾಯಿ ಸಮಿತಿಯ ಮುಂದಿಡಬೇಕು. ಅಲ್ಲಿಂದ ಸಾಮಾನ್ಯ ಸಭೆ, ಅಲ್ಲಿಂದ ಸರ್ಕಾರ. ಕರಡು ಆಯುಕ್ತರ ಕೈಯಿಂದ ಹೊರಟ ಮೇಲೆ ವಾರ್ಡಿನಲ್ಲಿ ನಡೆಯುವ ಚರ್ಚೆಯಿಂದ ಒಂದು ಸಾಲೂ ಬದಲಾಗುವುದು ಕಷ್ಟ. 2016ರಲ್ಲಿ ಕೆ.ಬಿ.ಆರ್. ಉದ್ಯಾನದ ಸುತ್ತ ಮೇಲ್ಸೇತುವೆಗಾಗಿ ಮರ ಕಡಿಯುವ ಯೋಜನೆ ಬಂದಾಗ ನಾಗರಿಕರು ಬೀದಿಗಿಳಿದರು, ಹಸಿರು ನ್ಯಾಯಮಂಡಳಿಗೆ ಹೋದರು. ಅವರ ಮಾತಿಗೆ ಜಾಗ ಸಿಕ್ಕಿದ್ದು ಯೋಜನೆ ಕಾಗದದ ಮೇಲೆ ಸಿದ್ಧವಾದ ನಂತರ, ಅದೂ ನ್ಯಾಯಮಂಡಳಿಯಲ್ಲಿ. ವಾರ್ಡಿನ ಸಭೆ ಆಗಸ್ಟ್ ಸೆಪ್ಟೆಂಬರಿನಲ್ಲಿ ನಡೆದರೆ ಮಾತ್ರ ಅದಕ್ಕೆ ಅರ್ಥ.

ಕರಡಿಗೆ ಮುಂಚೆಯೇ ನಿವಾಸಿಗಳ ಬೇಡಿಕೆ ಕೇಳುವುದನ್ನು ಪುಣೆ 2006ರಿಂದ ಮಾಡುತ್ತ ಬಂದಿದೆ. ಆಗಸ್ಟ್ ಆಸುಪಾಸಿನಲ್ಲಿ ಪಾಲಿಕೆ ಅರ್ಜಿ ನಮೂನೆ ಹೊರಡಿಸುತ್ತದೆ. ನಿವಾಸಿಗಳು ತಮ್ಮ ಬಡಾವಣೆಯ ಸಣ್ಣ ಕಾಮಗಾರಿಗಳನ್ನು, ಒಂದಕ್ಕೆ 5 ಲಕ್ಷ ಮೀರದಂತೆ, ಸೂಚಿಸುತ್ತಾರೆ. ವಾರ್ಡ್ ಕಚೇರಿ ಪರಿಶೀಲಿಸಿ ಒಪ್ಪಿದವು ಬಜೆಟ್ ಪುಸ್ತಕದಲ್ಲಿ ಅಚ್ಚಾಗುತ್ತವೆ. ಇದರ ಕೊರತೆಗಳೂ ಗೊತ್ತಿರುವಂಥವೇ. ಫಾರಂ ತುಂಬುವವರು ಹೆಚ್ಚಾಗಿ ಓದಿಕೊಂಡ ಕಾಲನಿಗಳವರು. ಬೆಂಚು, ನಾಮಫಲಕ, ಕಾಲುದಾರಿಯ ಕಲ್ಲು ಮುಂದೆ ಬಂದು ಬಸ್ತಿಯ ಶೌಚಾಲಯ ಹಿಂದೆ ಉಳಿಯುತ್ತದೆ. ಅಚ್ಚಾದದ್ದೆಲ್ಲ ಕಾಮಗಾರಿಯಾಗುವುದಿಲ್ಲ. ಆದರೂ ತನ್ನ ಬೀದಿಯ ಹೆಸರನ್ನು ಬಜೆಟ್ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿ ‘ಇದೇಕೆ ಆಗಿಲ್ಲ’ ಎಂದು ಕೇಳುವ ಆಧಾರ ಪುಣೆಯವರಿಗಿದೆ.

ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆ 2001ರಲ್ಲೇ ವಾರ್ಡ್ ಕಾಮಗಾರಿಗಳ ಆದ್ಯತೆಯನ್ನು ನಿವಾಸಿಗಳಿಂದ ಪಟ್ಟಿಮಾಡಿಸುವ ಚಳವಳಿ ನಡೆಸಿತು. 2015ರಿಂದ ಪಾಲಿಕೆಯೊಂದಿಗೆ ಸೇರಿ ‘ನನ್ನ ನಗರ ನನ್ನ ಬಜೆಟ್’ ಎಂದು ಸಾವಿರಾರು ಸಲಹೆಗಳನ್ನು ಸಂಗ್ರಹಿಸಿತು. ವಾರ್ಡ್ ಸಮಿತಿಗಳು ಕೂಡುವಂತೆ ಮಾಡಲು ಮಾತ್ರ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2020ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಚುನಾಯಿತ ಮಂಡಳಿಯೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆಯಿತು. ಹಾಗಾಗಿ ಕನ್ನಡಿಗರು ಈ ವಿಷಯದಲ್ಲಿ ಹೈದರಾಬಾದಿಗೆ ಪಾಠ ಹೇಳುವ ಸ್ಥಿತಿಯಲ್ಲೇನೂ ಇಲ್ಲ.

ಪಾಠ ಬೇಕಾದರೆ ಕನ್ನಡಿಗರು ನೆಲೆಸಿರುವ ಇನ್ನೊಂದು ಗಡಿಯತ್ತ ನೋಡಬಹುದು. ಕೇರಳ 1996ರ ಆಗಸ್ಟ್ 17ರಂದು ಜನಕೀಯ ಯೋಜನೆಯನ್ನು ಆರಂಭಿಸಿ, ರಾಜ್ಯದ ಯೋಜನಾ ವೆಚ್ಚದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ನಿರ್ಧಾರಕ್ಕೆ ಒಪ್ಪಿಸಿತು. ಅಲ್ಲಿನ ಪೌರಾಡಳಿತ ಕಾಯ್ದೆಯಲ್ಲಿ, ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳಲ್ಲಿ ವಾರ್ಡ್ ಸಭೆ ಇದೆ. ಆ ವಾರ್ಡಿನ ಎಲ್ಲ ಮತದಾರರೂ ಅದರ ಸದಸ್ಯರು. 2011ರ ಗಣತಿಯಂತೆ ಸುಮಾರು 54,000 ಜನರಿರುವ ಕಾಸರಗೋಡು ಪಟ್ಟಣದ ನಿವಾಸಿ, ಪಟ್ಟಣಿಗನಾಗಿದ್ದೂ ಸಭೆಯ ಹಕ್ಕುಳ್ಳವನು. ಅಂದರೆ ನಗರದಲ್ಲಿ ಗ್ರಾಮಸಭೆಯಂಥದ್ದು ಸಾಧ್ಯವಿಲ್ಲ ಎಂಬ ಮಾತಿಗೆ ನಮ್ಮದೇ ಗಡಿಯಲ್ಲಿ ಅಪವಾದವಿದೆ. ಕಷ್ಟವಿರುವುದು ಗಾತ್ರದಲ್ಲಿ. 2011ರ ಗಣತಿಯ ಲೆಕ್ಕದಲ್ಲೇ, 150 ವಾರ್ಡುಗಳಿದ್ದಾಗ, ಹೈದರಾಬಾದಿನ ಒಂದು ವಾರ್ಡಿನಲ್ಲಿ ಸರಾಸರಿ 45,000 ಜನ. ಕರ್ನಾಟಕದಲ್ಲಾದರೆ ಅಷ್ಟು ಜನಕ್ಕೆ ಆರೇಳು ಗ್ರಾಮ ಪಂಚಾಯಿತಿ ಇರುತ್ತಿದ್ದವು. ಅಷ್ಟು ಜನರ ಒಂದೇ ಸಭೆ ಆಗದ ಮಾತು, ನಿಜ. ಪ್ರದೇಶ ಸಭೆ ಎಂಬ ಹೆಸರು 2008ರಿಂದ ಕಾನೂನಿನಲ್ಲಿದ್ದದ್ದು ಇದಕ್ಕಾಗಿಯೇ: ಒಂದೆರಡು ಮತಗಟ್ಟೆಗಳ ವ್ಯಾಪ್ತಿಯ ಜನ ಒಂದೆಡೆ ಕೂಡುವಷ್ಟು ಸಣ್ಣ ಘಟಕ.

ಬಜೆಟ್ಟನ್ನು ನಿವಾಸಿಗಳೇ ಕೂತು ತೂಗುವುದಕ್ಕೆ ಜಗತ್ತಿನಲ್ಲಿ ಹೆಸರಾದ ಊರು ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ. 1989ರಲ್ಲಿ ಕಾರ್ಮಿಕರ ಪಕ್ಷದ ಒಲಿವಿಯೊ ದುತ್ರಾ ಮೇಯರಾದ ವರ್ಷ ಅಲ್ಲಿ ಬಜೆಟ್ ಸಭೆಗಳು ಆರಂಭವಾದವು. ಏಳೆಂಟು ವರ್ಷಗಳಲ್ಲಿ ಒಳಚರಂಡಿ ಸಂಪರ್ಕವಿರುವ ಮನೆಗಳ ಪಾಲು ಶೇಕಡಾ 46ರಿಂದ 85ಕ್ಕೆ ಏರಿತು. ಹೈದರಾಬಾದಿಗೆ ಅಲ್ಲಿಂದ ತರಬೇಕಾದದ್ದು ಸಭೆಯ ಅಬ್ಬರವಲ್ಲ, ಹಂಚಿಕೆಯ ಸೂತ್ರ. ಜನಸಂಖ್ಯೆಯ ಜೊತೆಗೆ ಕೊರತೆಗೂ ಅಂಕ ಕೊಟ್ಟು, ನೀರು ಚರಂಡಿ ಇಲ್ಲದ ಪ್ರದೇಶಕ್ಕೆ ಹೆಚ್ಚು ಪಾಲು ಸಿಗುವಂತೆ ಅಲ್ಲಿ ಲೆಕ್ಕ ಹಾಕುತ್ತಿದ್ದರು. ರಾಜಕೀಯದ ಒಲವು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೂ ಅದೇ ಊರು ಉದಾಹರಣೆ: 2017ರಲ್ಲಿ ಅಲ್ಲಿನ ಆಡಳಿತ ಬಜೆಟ್ ಸಭೆಗಳನ್ನು ಸ್ಥಗಿತಗೊಳಿಸಿತು.

ಕೊರತೆಗೆ ಅಂಕ ಕೊಡುವ ಸೂತ್ರ ಹೈದರಾಬಾದಿಗೆ ಯಾಕೆ ಬೇಕೆಂದರೆ, ಅಲ್ಲಿ ಬಾಯಿ ಇರುವುದು ಕಾಲನಿಗೆ, ಕೊರತೆ ಇರುವುದು ಬಸ್ತಿಗೆ. ಕಾಲನಿಗಳ ಕ್ಷೇಮಾಭಿವೃದ್ಧಿ ಸಂಘಗಳು ಬಲವಾಗಿವೆ, ಒಕ್ಕೂಟಗಳನ್ನೂ ಕಟ್ಟಿಕೊಂಡಿವೆ, ಅವುಗಳಿಂದ ನಗರಕ್ಕೆ ಉಪಕಾರವೂ ಆಗಿದೆ. ಆದರೆ ಹೆಚ್ಚಿನ ಸಂಘಗಳಲ್ಲಿ ಸದಸ್ಯರಾಗುವವರು ಮನೆಯ ಮಾಲೀಕರು. ಬಾಡಿಗೆಗಿರುವ ಯಾದಗಿರಿಯ ಮೇಸ್ತ್ರಿ, ಪಿ.ಜಿ.ಯಲ್ಲಿರುವ ಕಲಬುರಗಿಯ ಹುಡುಗಿ, ಅಪಾರ್ಟ್‌ಮೆಂಟಿನ ವಾಚ್‌ಮನ್ ಕುಟುಂಬ ಅದರಲ್ಲಿಲ್ಲ. ನಿವಾಸಿಗಳ ಪಾಲುಗಾರಿಕೆ ಎಂದರೆ ಸಂಘದ ಅಧ್ಯಕ್ಷರನ್ನು ಕರೆದು ಚಹಾ ಕೊಡುವುದು ಎಂದಾದರೆ, ಈ ಮೇಸ್ತ್ರಿ ಎರಡನೆಯ ಸಲ ಸಭೆ ಕಳೆದುಕೊಂಡಂತೆ. ಆದ್ದರಿಂದ ಸದಸ್ಯತ್ವ ಮನೆಪತ್ರದ ಮೇಲೆ ನಿಲ್ಲದೆ ಮತದಾರರ ಪಟ್ಟಿಯ ಮೇಲೆ ನಿಲ್ಲಬೇಕು. ಸಭೆ ಕೂಲಿಯ ಹೊತ್ತು ಕಳೆದ ಮೇಲೆ ನಡೆಯಬೇಕು. ತೆಲುಗಿನೊಂದಿಗೆ ಉರ್ದು ಇರಬೇಕು. ಕಾಚಿಗುಡದಂಥ ಕಡೆ ಕನ್ನಡ, ಮರಾಠಿಯಲ್ಲಿ ಮಾತಾಡಿದವರ ಮಾತೂ ನಡಾವಳಿಗೆ ಸೇರಬೇಕು. ಹೆಂಗಸರು ಎತ್ತಿದ ಬೇಡಿಕೆಗಳನ್ನು ಬೇರೆಯಾಗಿ ದಾಖಲಿಸಬೇಕು, ಇಲ್ಲವಾದರೆ ಅವು ಪಟ್ಟಿಯ ಕೊನೆಗೆ ಜಾರುತ್ತವೆ.

ಇನ್ನೊಂದು ತೊಡಕು ನಿಜವಾಗಿಯೂ ಬಿಗಿಯಾದದ್ದು. ನಿವಾಸಿ ಕೇಳುವ ನೀರು, ಒಳಚರಂಡಿ ಜಲಮಂಡಳಿಯ ಕೈಯಲ್ಲಿವೆ. ಬಡಾವಣೆಯ ಯೋಜನೆ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ್ದು. ಇವೆರಡೂ ಪಾಲಿಕೆಯ ಬಜೆಟ್ಟಿನ ಹೊರಗಿವೆ. ವಾರ್ಡ್ ಕಚೇರಿಗಳಲ್ಲಿ ಜಲಮಂಡಳಿಯ ಸಿಬ್ಬಂದಿಗೂ ಕುರ್ಚಿ ಇಟ್ಟದ್ದರಿಂದ ದೂರಿನ ಮಟ್ಟದಲ್ಲಿ ಗೋಡೆ ಸ್ವಲ್ಪ ಒಡೆದಿದೆ, ಹಣದ ಮಟ್ಟದಲ್ಲಿ ಒಡೆದಿಲ್ಲ. 2025ರ ಡಿಸೆಂಬರಿನಲ್ಲಿ ಸುತ್ತಲಿನ 27 ಪಟ್ಟಣಗಳನ್ನು ಸೇರಿಸಿ 300 ವಾರ್ಡುಗಳನ್ನು ಗುರುತಿಸಿದ್ದರಿಂದ ಈ ಪ್ರಶ್ನೆ ಇನ್ನೂ ಹಿಗ್ಗಿದೆ. ಆ ಪಟ್ಟಣಗಳಲ್ಲಿ ಹಲವು ಕೆಲವೇ ವರ್ಷಗಳ ಹಿಂದೆ ಗ್ರಾಮಸಭೆ ನಡೆಸುತ್ತಿದ್ದ ಊರುಗಳು. ಹೊಸ ವಾರ್ಡುಗಳಿಗೆ ನಿಯಮ ಬರೆಯುವ ಸಮಯವೇ ಪ್ರದೇಶ ಸಭೆಗಳಿಗೆ ಗಡಿ, ಮೊತ್ತ, ತಾರೀಖು ಬರೆಯುವುದಕ್ಕೂ ತಕ್ಕ ಸಮಯ.

ಖರ್ಚಾದ ಮೇಲಿನ ಲೆಕ್ಕದ ಮಾತೂ ಇದೆ. ಇದರಲ್ಲಿ ದೇಶಕ್ಕೆ ದಾರಿ ತೋರಿದ ಸಂಸ್ಥೆ ಹೈದರಾಬಾದಿನಲ್ಲೇ ಇದೆ. ಉದ್ಯೋಗ ಖಾತರಿ ಕಾಮಗಾರಿಗಳ ಸಾಮಾಜಿಕ ಲೆಕ್ಕತಪಾಸಣೆ ಅವಿಭಜಿತ ಆಂಧ್ರದಲ್ಲಿ 2006ರಲ್ಲಿ ಆರಂಭವಾಗಿ, 2009ರಲ್ಲಿ ಅದಕ್ಕೆಂದೇ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಕೂಲಿಕಾರರ ಮನೆಗಳ ಹುಡುಗ ಹುಡುಗಿಯರೇ ತರಬೇತಿ ಪಡೆದು, ಮಸ್ಟರ್ ರೋಲ್ ಹಿಡಿದು ಮನೆಮನೆಗೆ ಹೋಗಿ, ಕಾಮಗಾರಿಯ ಜಾಗದಲ್ಲಿ ಟೇಪು ಹಿಡಿದು ಅಳತೆ ನೋಡಿ, ಕಂಡದ್ದನ್ನು ಊರಿನ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ತಪ್ಪು ಸಿಕ್ಕ ಕಡೆ ಹಣ ವಸೂಲಾದದ್ದೂ ಉಂಟು. ಹಳ್ಳಿಯ ಕೆರೆ ಹೂಳಿನ ಲೆಕ್ಕವನ್ನು ಹೀಗೆ ಓದಿಸುವ ನಗರದಲ್ಲೇ, ಅದರ ಸ್ವಂತ ಗಲ್ಲಿಯ ಸಿಸಿ ರಸ್ತೆಗೆ ಅಂಥ ಕಡ್ಡಾಯ ಓದು ಇಲ್ಲ. ಎಂಜಿನಿಯರರ ಅಳತೆ ಪುಸ್ತಕದಲ್ಲಿ ರಸ್ತೆಯ ಉದ್ದ, ಅಗಲ, ದಪ್ಪ, ಗುತ್ತಿಗೆದಾರರಿಗೆ ಕೊಟ್ಟ ಮೊತ್ತ ಎಲ್ಲ ಬರೆದಿರುತ್ತದೆ. ವಾರ್ಡ್ ಕಚೇರಿಗಳ ಬಾಗಿಲು ಈಗಾಗಲೇ ತೆರೆದಿದೆ, ಅಲ್ಲಿ ಎಂಜಿನಿಯರಿಂಗ್ ಸಿಬ್ಬಂದಿಯೂ ಇದ್ದಾರೆ. ಮೂರು ತಿಂಗಳಿಗೊಮ್ಮೆ ಆ ಪುಸ್ತಕವನ್ನು ಅಲ್ಲಿಗೆ ತರಿಸಿ ಬಸ್ತಿಯವರ ಮುಂದೆ ಓದಿಸುವುದಕ್ಕೆ ಹೊಸ ಕಾಯ್ದೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಆಯುಕ್ತರ ಒಂದು ಸುತ್ತೋಲೆ ಸಾಕು.